ಉಡಿಯೊಳಗಿನ ಗಾಡಿ

ಗಿಡ್ಡ ಹೆಂಗಸರೇ ಬೇಕು ಎಂದು ಮುಕಾದಮ ಗುರಲಿಂಗಪ್ಪ ಕೂಗಿದಾಗ, ಕಾಂದಿವಲಿಯ ನಾಕಾದಲ್ಲಿ ಕೂಲಿಗೆ ನಿಂತಿದ್ದ ಮುನ್ನೂರು ಜನರೂ ಒಂದೇ ಸಲ ನಕ್ಕರು. ಆ ನಾಕಾಕ್ಕೆ ಗಟ್ಟಿ ಆಳು ಕೇಳಿ ಬಂದವರಿದ್ದರು. ಅಗ್ಗದ ಆಳು ಕೇಳಿ ಬಂದವರಿದ್ದರು. ಕುಡಿಯದ ಆಳು ಬೇಕೆಂದು ಬಂದು ಬರಿಗೈಯಲ್ಲಿ ಹೋದವರೂ ಇದ್ದರು. ಅಳತೆ ಹಿಡಿದು ಬಂದವನು ಇವನೇ ಮೊದಲು. ಕೈಯಲ್ಲಿ ಒಂದು ಬಡಿಗೆ ಇತ್ತು. ಬಡಿಗೆಗಿಂತ ಎತ್ತರದವರನ್ನು ಆಚೆ ನಿಲ್ಲಿಸಿದ, ಕೆಳಗಿನವರನ್ನು ಈಚೆ ಕರೆದ. ಬಡಿಗೆ ಹಿಡಿಯುವಾಗಲೂ ಯಾರ ಮೈಗೂ ತಾಕದ ಹಾಗೆ ಒಂದು ಗೇಣು ದೂರ ಹಿಡಿದ.

ಅವನೂ ಅಫಜಲಪುರದ ಕಡೆಯವನು, ಈಚೆ ನಿಂತ ಈ ಹೆಂಗಸರೂ ಅಫಜಲಪುರದ ಕಡೆಯವರು. ಊರಿನಲ್ಲಿ ಅವನ ಅಂಗಳಕ್ಕೆ ಇವರು ಕಾಲಿಡುವ ಹಾಗಿರಲಿಲ್ಲ. ಮುಂಬಯಿಯಲ್ಲಿ ಅವನಿಗೆ ಅಂಗಳವೇ ಇರಲಿಲ್ಲ. ಆದರೂ ಇವರು ದೂರವೇ ನಿಲ್ಲಬೇಕಿತ್ತು.

“ಯಪ್ಪಾ, ಗಿಡ್ಡ ಮಂದಿ ಯಾಕ್ರಿ? ಡಬ್ಬಿಯೊಳಗ ತುಂಬಿ ಊರಿಗಿ ಪಾರ್ಸಲ್ ಮಾಡ್ತೀರೇನು?” ಎಂದು ಶಿವಕುಮಾರಿ ಕೇಳಿದಳು. ಅವಳ ನಾಲಿಗೆ ಎಷ್ಟು ಉದ್ದವೆಂದರೆ, ನಾಕಾದಲ್ಲಿ ನಿಂತು ಬೈದರೆ ಬೋರಿವಲಿಯಲ್ಲಿ ಕುಡಿದು ಮಲಗಿದ ಅವಳ ಗಂಡ ಎದ್ದು ಕೂರುತ್ತಿದ್ದ.

“ಬಾಯಿ ಮುಚ್ಚಬೇ. ಗಾಡಿ ಕೆಲಸ ಅದ. ಗಂಡಸರ ಪಗಾರಿನ ಅರ್ಧ ಕೊಡ್ತಾರ. ಎಂಟು ಮಂದಿ ಬರ್ರಿ.”

ಎಂಟನೆಯವಳು ದೇವಕ್ಕ. ವಯಸ್ಸು ಎಷ್ಟೆಂದು ಕೇಳಿದರೆ, ಕೆಲಸ ಕೊಡುವವನ ಮುಖ ನೋಡಿ ಒಮ್ಮೆ ನಲವತ್ತು ಎನ್ನುತ್ತಾಳೆ, ಒಮ್ಮೆ ಅರವತ್ತು ಎನ್ನುತ್ತಾಳೆ. ನಿಜವಾಗಿ ಐವತ್ತು. ಅವಳು ತಲೆಯ ಮೇಲೆ ಹೊತ್ತ ಇಟ್ಟಿಗೆಗಳನ್ನು ಸಾಲಾಗಿ ಇಟ್ಟುಕೊಂಡು ಹೋದರೆ ಕಾಂದಿವಲಿಯಿಂದ ಕಲಬುರಗಿ ಮುಟ್ಟಿ, ಚಹಾ ಕುಡಿದು, ಅರ್ಧ ದಾರಿ ವಾಪಸು ಬರಬಹುದು. ಸಿಂಬಿ ಇಡುವ ಜಾಗದಲ್ಲಿ ತಲೆಯ ಮೇಲೆ ಕೂದಲೇ ಇಲ್ಲ. ಗಂಡ ಬಂಡೆಪ್ಪ ಒಂದು ಬಿಲ್ಡಿಂಗಿನ ಹನ್ನೊಂದನೇ ಮಾಳಿಗೆಯಿಂದ ಬಿದ್ದಾಗ ಅವಳಿಗೆ ಇಪ್ಪತ್ತೆರಡು. ಬಿಲ್ಡಿಂಗಿನವರು ಮೊದಲು ಸಿಮೆಂಟಿನ ಚೀಲಗಳನ್ನು ಎಣಿಸಿದರು, ಆಮೇಲೆ ಅವನನ್ನು ಎತ್ತಿದರು.

ಅಂದಿನಿಂದ ಅವಳ ಉಡಿ ಖಾಲಿ. ವಸ್ತಿಯಲ್ಲಿ ಯಾರದೇ ಮದುವೆ ಇರಲಿ, ಬಸುರಿಯ ಕುಬಸ ಇರಲಿ, ಹೆಂಗಸರನ್ನು ಸಾಲಾಗಿ ಕೂಡಿಸಿ ಸೆರಗಿನಲ್ಲಿ ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು ಹಾಕಿ ಉಡಿ ತುಂಬುತ್ತಾರೆ. ಗಂಡ ಇದ್ದವರಿಗೆ ಮಾತ್ರ. ಕುಡುಕನಿರಲಿ, ಹೊಡೆಯುವವನಿರಲಿ, ಇನ್ನೊಬ್ಬಳ ಮನೆಯಲ್ಲಿ ಮಲಗುವವನಿರಲಿ, ಉಸಿರಾಡುತ್ತಿದ್ದರೆ ಸಾಕು. ದೇವಕ್ಕ ಹಿಂದೆ ನಿಂತು ಬೋಗುಣಿ ತಿಕ್ಕುತ್ತಾಳೆ. ಇಪ್ಪತ್ತೆಂಟು ವರ್ಷ ತಿಕ್ಕಿದ್ದಾಳೆ. ಒಂದೊಂದು ಬೋಗುಣಿ ತಿಕ್ಕಿ ತಿಕ್ಕಿ ತೂತಾಗಿದೆ.

ಗುರಲಿಂಗಪ್ಪ ಎಂಟು ಜನರನ್ನು ಟೆಂಪೋದಲ್ಲಿ ತುಂಬಿ ಹೈವೇ ಪಕ್ಕದ ಒಂದು ದೊಡ್ಡ ಹಾಲಿಗೆ ಕರೆತಂದ. ಹಾಲ್ ಎಷ್ಟು ದೊಡ್ಡದೆಂದರೆ, ಅವರ ವಸ್ತಿಯನ್ನು ಎತ್ತಿ ಒಳಗಿಟ್ಟರೂ ಮೂಲೆಯಲ್ಲಿ ಕ್ರಿಕೆಟ್ ಆಡಬಹುದಿತ್ತು. ಒಳಗೆ ಎಸಿಯ ಚಳಿ. ನಡುವೆ ಒಂದು ಬಿಳಿ ಪಿಕಪ್ ಗಾಡಿ. ಹೊಸದು. ಮದುಮಗಳ ಹಾಗೆ ಹೊಳೆಯುತ್ತಿತ್ತು.

ಗಾಡಿ ಮಾಡಿದ್ದು ಅಷ್ಟಬಾಹು ಮೋಟರ್ಸ್. ಬಡವರಿಗೆಂದೇ ಮಾಡಿದ ಅಗ್ಗದ ಪಿಕಪ್ಪಂತೆ. ಹೆಸರು ‘ಹಮಾಲ್’. ಮೇಲೆ ಮೂರಾಳುದ್ದದ ಬೋರ್ಡು ತೂಗುಹಾಕಿದ್ದರು. ಅದರಲ್ಲೇನು ಬರೆದಿದೆ ಎಂದು ದೇವಕ್ಕ ಕೇಳಿದಳು. ಸಮಾರಂಭದ ಉಸ್ತುವಾರಿ ನೋಡುತ್ತಿದ್ದ ನಿಶ್ಮಿತಾ ಎಂಬ ಹುಡುಗಿ ಓದಿ ಹೇಳಿದಳು. ಅವಳ ಅಜ್ಜಿ ಉಡುಪಿಯವರು, ಅವಳು ವಿಲೆ ಪಾರ್ಲೆಯವಳು. ಕನ್ನಡ ಅವಳ ಬಾಯಲ್ಲಿ ಎಡವಿ ಎಡವಿ ಬರುತ್ತಿತ್ತು.

“ಆಂಟಿ, ಅದು... ‘ಹಮಾಲ್. ಊಟ ಕೇಳುದಿಲ್ಲ. ಛುಟ್ಟಿ ಕೇಳುದಿಲ್ಲ. ಎದುರು ಮಾತಾಡುದಿಲ್ಲ.’ ಮಸ್ತ್ ಅಲ್ವಾ?”

“ಹಂಗಾರ ಇದು ನನ್ನ ಗಂಡ ಅಲ್ಲ ಬಿಡು,” ಎಂದಳು ಶಿವಕುಮಾರಿ.

ಏಳು ಜನ ನಕ್ಕರು. ದೇವಕ್ಕ ನಗಲಿಲ್ಲ. ಊಟ ಕೇಳದ, ರಜೆ ಕೇಳದ, ಎದುರು ಮಾತಾಡದ ಹಮಾಲರನ್ನು ಅವಳು ನೋಡಿದ್ದಳು. ಅವರೆಲ್ಲ ಸತ್ತಿದ್ದರು.

ಆಮೇಲೆ ಕೆಲಸ ಏನೆಂದು ತಿಳಿಯಿತು. ಗಾಡಿಗೆ ಇಂಜಿನ್ ಇರಲಿಲ್ಲ. ಹಡಗಿನಲ್ಲಿ ಬರಬೇಕಾಗಿದ್ದ ಇಂಜಿನ್ ಬಂದರಿನಲ್ಲಿ ಸಿಕ್ಕಿಬಿದ್ದಿತ್ತು. ಅಷ್ಟರಲ್ಲಿ ಹಾಲ್ ಬುಕ್ ಆಗಿತ್ತು. ಪೇಪರಿನವರನ್ನು, ಟಿವಿಯವರನ್ನು ಕರೆದಾಗಿತ್ತು. ನಾಲ್ಕು ಸಾವಿರ ಸಮೋಸಕ್ಕೆ ಹಿಟ್ಟು ಕಲೆಸಿಯಾಗಿತ್ತು. ಹಿಟ್ಟು ಕಲೆಸಿದ ಮೇಲೆ ಯಾವ ಸಮಾರಂಭ ನಿಲ್ಲುತ್ತದೆ? ಕಂಪನಿಯ ದೊಡ್ಡ ಸಾಹೇಬ ಮನೀಶ್, ಗಾಡಿಯ ಹಿಂದಿನ ತೊಟ್ಟಿಯ ತಳವನ್ನೇ ಕತ್ತರಿಸಿ ತೆಗೆಸಿದ್ದ. ಮೇಲೆ ಹಲಗೆ ಹೊಡೆಸಿ, ಹಲಗೆಯ ಮೇಲೆ ಗೋದಿ ಮೂಟೆಗಳನ್ನು ಪೇರಿಸಿದ್ದ. ಹಲಗೆಯ ಕೆಳಗೆ ಎಂಟು ಹೆಂಗಸರು ಬಗ್ಗಿ ನಿಲ್ಲಬೇಕು. ಅಡ್ಡಲಾಗಿ ಹಾಕಿದ ಕಬ್ಬಿಣದ ಸರಳನ್ನು ಎದೆಗೊತ್ತಿ ಗಾಡಿ ತಳ್ಳಿಕೊಂಡು ಸ್ಟೇಜಿನ ಮೇಲೆ ಹೋಗಬೇಕು. ಕಾಲು ಕಾಣದ ಹಾಗೆ ಸುತ್ತಲೂ ನೆಲದವರೆಗೆ ಕರಿ ಬಟ್ಟೆ. ಮುಂದೆ ಸ್ಟೀರಿಂಗ್ ತಿರುಗಿಸಲು ಇವರದೇ ವಸ್ತಿಯ ಖಂಡಪ್ಪ. ಲಾರಿ ಕ್ಲೀನರಾಗಿದ್ದವನು. ಮಾತಾಡಿದರೆ ಬಾಯಿ ಸವೆಯುತ್ತದೆಂದು ಮೂವತ್ತು ವರ್ಷದಿಂದ ಸುಮ್ಮನಿದ್ದವನು.

“ನಮ್ಮ ಭಾಷೆಯವರೇ ಬೇಕು ಅಂತ ನಾನೇ ಹೇಳಿದ್ದು,” ಎಂದ ಮನೀಶ್ ಸಾಹೇಬ. ಅವನ ತಂದೆ ಮಂಗಳೂರಿನಿಂದ ಬಂದವರು. “ಅಪನೇ ಲೋಗ್. ಹೊರಗೆ ಹೇಳಲ್ಲ. ನಂಬಬಹುದು.”

ನಂಬಿಕೆಯೆಂದರೆ ಹೀಗಿರುತ್ತದೆ: ನಮ್ಮವರೆಂದು ಪ್ರೀತಿಯಿಂದ ಗಾಡಿಯ ಕೆಳಗೆ ತುರುಕುವುದು.

ಚಪ್ಪಲಿ ಬಿಡಿಸಿದರು, ಸಪ್ಪಳ ಬರುತ್ತದೆಂದು. ಗೆಜ್ಜೆ ಬಿಚ್ಚಿಸಿದರು. ಆಮೇಲೆ ಬಳೆ ಬಿಚ್ಚಿ ಎಂದರು.

“ಬಳಿ ಯಾಕ ಬಿಚ್ಚಲಿ? ನನ್ನ ಗಂಡ ಕುಡುಕ ಇರಬೌದು, ಸತ್ತಿಲ್ಲ!” ಎಂದಳು ಶಿವಕುಮಾರಿ.

“ದೇವಕ್ಕನ್ನ ನೋಡಿ ಕಲೀರಿ,” ಎಂದ ಗುರಲಿಂಗಪ್ಪ. “ಎಷ್ಟ್ ಛಲೋ. ಸಪ್ಪಳಿಲ್ಲದ ಕೈ.”

ದೇವಕ್ಕ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಏಳು ಜನ ಬಳೆ ಬಿಚ್ಚಿದರು. ಒಂದು ಬುಟ್ಟಿ ಬಳೆ ಆಯಿತು.

ಒಳಗೆ ಹೊಕ್ಕರು. ಬೆನ್ನಿಗೆ ಹಲಗೆ ತಾಗಿತು. ಎದೆಗೆ ಸರಳು ಒತ್ತಿತು. ಮುಂದಿನವಳ ಬೆವರು ಹಿಂದಿನವಳ ಮೂಗಿನಲ್ಲಿ. ಬಣ್ಣದ ವಾಸನೆ ಎಷ್ಟೆಂದರೆ ಒಬ್ಬೊಬ್ಬರ ಗಂಟಲೊಳಗೂ ಎರಡು ಕೋಟು ಬಿಳಿ ಪೇಂಟ್ ಬಿದ್ದಿರಬೇಕು. ಎಸಿ ಹೊರಗೆ ಇತ್ತು. ಒಳಗೆ ವೈಶಾಖ. ಹನ್ನೆರಡು ಸಲ ಹಿಂದೆ ಮುಂದೆ ತಳ್ಳಿಸಿ ನೋಡಿದರು. “ಸ್ಮೂತ್ ಬರಬೇಕು, ಸ್ಮೂತ್,” ಎಂದು ಸಾಹೇಬ ಹಲಗೆಯ ಮೇಲೆ ತಟ್ಟಿದ. ಪ್ರತಿ ತಟ್ಟಿಗೂ ದೇವಕ್ಕನ ಕತ್ತಿನ ಮೇಲೆ ಗೋದಿ ಉದುರಿತು.

ಸಮಾರಂಭಕ್ಕೆ ಅರ್ಧ ಗಂಟೆ ಇದ್ದಾಗ ಹೊರಗೆ ಗಲಾಟೆ. ಗಾಡಿಯ ಮೊದಲ ಗಿರಾಕಿ ಒಬ್ಬ ಬಡ ಕೂಲಿ ಹೆಂಗಸು ಎಂದು ಜಾಹೀರಾತಿನವರು ಎಲ್ಲ ಕಡೆ ಹೇಳಿಕೊಂಡಿದ್ದರು. ಆ ಬಡ ಹೆಂಗಸಾಗಲು ಒಬ್ಬ ಬೆಳ್ಳನೆಯ ಮಾಡೆಲ್ ಬರಬೇಕಿತ್ತು. ಬಂದಿದ್ದಳು ಕೂಡ. ಬಡವಿಯ ಹಾಗೆ ಕಾಣಲೆಂದು ಮುಖಕ್ಕೆ ಕಂದು ಬಣ್ಣ ಬಳಿದರು. ಬಡತನ ಅವಳ ಚರ್ಮಕ್ಕೆ ಆಗಿಬರಲಿಲ್ಲ. ಮುಖ ಕಡುಬಿನ ಹಾಗೆ ಊದಿ ಆಸ್ಪತ್ರೆಗೆ ಹೋದಳು.

ನಿಶ್ಮಿತಾ ಮೊಣಕಾಲೂರಿ ಕರಿ ಬಟ್ಟೆ ಎತ್ತಿ ಒಳಗೆ ಬ್ಯಾಟರಿ ಬಿಟ್ಟಳು. ಎಂಟು ಮುಖಗಳ ಮೇಲೆ ಬೆಳಕು ಹಾಯಿತು. ದೇವಕ್ಕನ ಮೇಲೆ ನಿಂತಿತು.

“ಆಂಟಿ, ನೀವು! ವಾಟ್ ಎ ಫೇಸ್. ಬನ್ನಿ ಬನ್ನಿ.”

ಎಳೆದುಕೊಂಡು ಹೋಗಿ ಕನ್ನಡಿಯ ಮುಂದೆ ಕೂರಿಸಿದರು. ಇಳಕಲ್ ಸೀರೆ ಸುತ್ತಿದರು. ಮೂಗಿಗೆ ನತ್ತು ಸಿಕ್ಕಿಸಿದರು. ಮಾಡೆಲ್‌ಗೆಂದು ತಂದ ಹಸಿರು ಬಳೆಗಳನ್ನು ಎರಡೂ ಕೈಗೆ ಡಜನ್ ಡಜನ್ ಏರಿಸಿದರು. ಹಣೆಗೆ ಒಂದು ರೂಪಾಯಿ ಅಗಲದ ಕುಂಕುಮ ಇಡಲು ಬಂದಾಗ ದೇವಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು.

“ತಂಗೀ, ಬ್ಯಾಡವಾ. ನಾ ಗಂಡ ಸತ್ತಾಕಿ. ಮಂದಿ ನೋಡಿದ್ರ ಉಗುಳ್ತಾರ.”

“ಅಯ್ಯೋ ಆಂಟಿ, ಫೋಟೋಕ್ಕೆ ಮಾತ್ರ ಮಾರಾಯ್ರೇ. ಆಮೇಲೆ ವೈಪ್ ಮಾಡುವ.”

ಇಟ್ಟುಬಿಟ್ಟಳು. ದೇವಕ್ಕ ಕನ್ನಡಿ ನೋಡಿದಳು. ಕನ್ನಡಿಯಲ್ಲಿ ಯಾರೋ ಬೇರೆಯವಳು ಕೂತಿದ್ದಳು. ಹೊಟ್ಟೆ ತುಂಬ ಉಂಡು ಬಂದವಳ ಹಾಗಿದ್ದಳು. ಒಮ್ಮೆ ಕೈ ಅಲ್ಲಾಡಿಸಿ ನೋಡಿದಳು. ಬಳೆ ಸಪ್ಪಳ ಮಾಡಿದವು. ಮತ್ತೊಮ್ಮೆ ಅಲ್ಲಾಡಿಸಿದಳು.

ಸಮಾರಂಭ ಶುರುವಾಯಿತು. ಹೊಗೆ ಬಿಟ್ಟರು, ಡೋಲು ಬಾರಿಸಿದರು, ಆಮೇಲೆ ಎಲ್ಲ ನಿಲ್ಲಿಸಿದರು. ಆ ಮೌನದಲ್ಲಿ ಬಿಳಿ ಗಾಡಿ ಮೋಡದ ಹಾಗೆ ತೇಲಿಕೊಂಡು ಸ್ಟೇಜಿಗೆ ಬಂತು. ಇಂಜಿನ್ ಸದ್ದಿಲ್ಲ, ಏನಿಲ್ಲ. ಜನ ಬಾಯಿ ಬಿಟ್ಟರು.

“ಕೇಳಿ! ಏನು ಕೇಳಿಸುತ್ತೆ? ಏನೂ ಇಲ್ಲ! ಇದೇ ನಮ್ಮ ಸೈಲೆಂಟ್ ಇಂಜಿನ್!” ಎಂದು ಮನೀಶ್ ಸಾಹೇಬ ಮೈಕಿನಲ್ಲಿ ಕೂಗಿದ.

ಆಗಲೇ ಹೊಗೆ ಮೂಗಿಗೇರಿ ಶಿವಕುಮಾರಿ ಸೀನಿದಳು. ಹಲಗೆ ನಡುಗಿತು.

“ಅದು ಟರ್ಬೋ,” ಎಂದ ಸಾಹೇಬ.

ಚಪ್ಪಾಳೆಗೆ ಛಾವಣಿ ಹಾರಿಹೋಗುವುದೊಂದು ಬಾಕಿ.

ಆಮೇಲೆ ದೇವಕ್ಕನನ್ನು ಬೆಳಕಿಗೆ ತಂದರು. ‘ಹಮಾಲಿನ ಮೊದಲ ಒಡತಿ’ ಎಂದು ಸಾಹೇಬ ಕೂಗಿ ಹೇಳಿದ. ಸುಮ್ಮನೆ ಕೀ ಕೊಟ್ಟರೆ ಸಪ್ಪೆ, ಮಣ್ಣಿನ ವಾಸನೆ ಬರಬೇಕು ಎಂದು ಅವನು ಹಿಂದಿನ ದಿನವೇ ಹೇಳಿದ್ದನಂತೆ. ನಿಶ್ಮಿತಾ ಫೋನಿನಲ್ಲಿ ಹುಡುಕಿ ಉತ್ತರ ಕರ್ನಾಟಕದ ಪದ್ಧತಿ ಒಂದನ್ನು ಹಿಡಿದಿದ್ದಳು. ಪದ್ಧತಿ ಸರಿಯಾಗಿಯೇ ಇತ್ತು. ಯಾರು ಯಾರಿಗೆ ಮಾಡಬೇಕೆಂಬುದನ್ನು ಮಾತ್ರ ಅವಳು ಓದಿರಲಿಲ್ಲ.

ಬೆಳ್ಳಿಯ ತಟ್ಟೆ ಬಂತು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಕುಬಸದ ಕಣ. ಎಲ್ಲಕ್ಕಿಂತ ಮೇಲೆ ಗಾಡಿಯ ಕೀ.

ದೇವಕ್ಕನ ಸೆರಗು ತಾನಾಗಿ ಮುಂದೆ ಬಂದು ತೆರೆದುಕೊಂಡಿತು. ಇಪ್ಪತ್ತೆಂಟು ವರ್ಷ ಮರೆತಿದ್ದ ಕೈಗಳಿಗೆ ಹೇಗೆ ಹಿಡಿಯಬೇಕೆಂದು ನೆನಪಿತ್ತು. ಮನೀಶ್ ಸಾಹೇಬ ತಾನೇ ಬೊಗಸೆಯಲ್ಲಿ ಅಕ್ಕಿ ತುಂಬಿ ಹಾಕಿದ. ಒಂದು. ಎರಡು. ಮೂರು. ಗಾಡಿಯ ಕೆಳಗೆ ಬಟ್ಟೆಯ ಸಂದಿನಿಂದ ಏಳು ಜನ ನೋಡುತ್ತಿದ್ದರು. ನಾಲ್ಕು. ಐದು. ಕೊಬ್ಬರಿ ಬಿತ್ತು. ಉತ್ತತ್ತಿ ಬಿತ್ತು. ಕೀ ಬಿತ್ತು.

ದೇವಕ್ಕ ಸೆರಗನ್ನು ಸುತ್ತಿ ಸೊಂಟಕ್ಕೆ ಗಂಟು ಹಾಕಿದಳು. ಗಟ್ಟಿ ಗಂಟು. ಇಟ್ಟಿಗೆ ಹೊರುವವಳ ಗಂಟು.

ಅವಳನ್ನು ಖಂಡಪ್ಪನ ಪಕ್ಕ ಕೂರಿಸಿದರು. ಗಾಡಿ ಮತ್ತೆ ತೇಲಿತು. ಕಿಟಕಿಯಿಂದ ಕೈ ಬೀಸು ಎಂದಿದ್ದರು, ಬೀಸಿದಳು. ಸೀಟಿನ ಹಿಂದಿನಿಂದ ಏಳು ಜನರ ಏದುಸಿರು ಕೇಳುತ್ತಿತ್ತು. ಎಂಟು ಜನ ತಳ್ಳಬೇಕಾದ ಭಾರವನ್ನು ಏಳು ಜನ ತಳ್ಳುತ್ತಿದ್ದರು, ಮೇಲೆ ತನ್ನ ಭಾರ ಬೇರೆ. ಬೀಸುತ್ತಿದ್ದ ಕೈ ನಾಚಿ ಕೆಳಗಿಳಿಯಿತು.

ಪರದೆಯ ಹಿಂದೆ ಗಾಡಿ ನಿಂತಿತು. ಮೊದಲ ಆಟ ಮುಗಿದಿತ್ತು. ನಾಲ್ಕು ಗಂಟೆಗೆ ಡೀಲರುಗಳಿಗೆಂದು ಎರಡನೇ ಆಟ. ನಡುವೆ ಮೂರು ತಾಸು. ಅತಿಥಿಗಳು ಲಾನಿನಲ್ಲಿ ಸಮೋಸ ತಿನ್ನುತ್ತ ಒಳಗೂ ಹೊರಗೂ ಓಡಾಡುತ್ತಿದ್ದರು.

“ಯಾರೂ ಹೊರಗ ಬರಬ್ಯಾಡ್ರಿ,” ಎಂದು ಗುರಲಿಂಗಪ್ಪ ಬಟ್ಟೆಯ ಹತ್ತಿರ ಬಾಯಿಟ್ಟು ಹೇಳಿದ. “ಪೇಪರಿನವ್ರು ಅದಾರ. ಒಳಗೇ ಕುಂದರ್ರಿ.”

“ಕುಂದರಾಕ ತಳಾನೇ ಇಲ್ಲಲ್ಲೋ!” ಎಂದಿತು ಬಟ್ಟೆ. “ನೀರರ ಕೊಡ್ರಿ.”

“ನೀರ ಕುಡದ್ರ ಉಚ್ಚಿ ಬರ್ತದ.”

“ಆಗ್ಲೇ ಬಂದದ! ಮುಂಜಾನಿ ಆರಕ್ಕ ಮನಿ ಬಿಟ್ಟೀನಿ. ಬಿಡೋ ಯಪ್ಪಾ, ಓಡಿ ಹೋಗಿ ಓಡಿ ಬರ್ತೀನಿ.”

“ಗಾಡಿಗಿ ಎಲ್ಲೆರ ಉಚ್ಚಿ ಬರ್ತದೇನಬೇ? ಹಿಡ್ಕೋ.”

ಆಮೇಲೆ ಕರಿ ಬಟ್ಟೆಯ ಕೆಳಗಿನಿಂದ ಸಣ್ಣ ಧಾರೆಯೊಂದು ಹೊರಬಂದು ಬಿಳಿ ಟೈಲ್ಸಿನ ಮೇಲೆ ಹರಿಯಿತು. ಅತ್ತಲಿಂದ ಬಂದ ಮನೀಶ್ ಸಾಹೇಬ ಬೂಟು ಎತ್ತಿ ಹಿಂದೆ ಸರಿದ.

“ಗುರಲಿಂಗಪ್ಪ, ಇದೇನು? ಲೀಕೇಜ್?”

“ಹೌದ್ರಿ ಸಾಹೇಬ್ರ. ಲೀಕೇಜ್. ಒರಸ್ತೀನ್ರಿ.”

ಗಾಡಿಯೊಳಗೆ ಶಿವಕುಮಾರಿ ಅಳುತ್ತಿದ್ದಳು. ಗಂಡ ತಲೆ ಒಡೆದಾಗ ಒಡೆದ ತಲೆಯಿಂದಲೇ ಬೈದವಳು. ವಸ್ತಿ ಕೆಡವಲು ಬುಲ್ಡೋಜರ್ ಬಂದಾಗ ಅದರ ಡ್ರೈವರನ ಏಳು ತಲೆಮಾರು ಎತ್ತಿ ಆಡಿದವಳು. ಈಗ ಬಾಯಿಗೆ ಸೆರಗು ತುರುಕಿಕೊಂಡು, ಸಪ್ಪಳ ಬಾರದ ಹಾಗೆ ಅಳುತ್ತಿದ್ದಳು. ಸಪ್ಪಳ ಮಾಡಬಾರದು ಎಂದು ಹೇಳಿದ್ದರಲ್ಲ.

ದೇವಕ್ಕ ಕ್ಯಾಬಿನ್ನಿನಲ್ಲಿ ಕೂತು ಕೇಳಿಸಿಕೊಂಡಳು.

ಗುರಲಿಂಗಪ್ಪ ಕಿಟಕಿಗೆ ಬಂದ. “ಏ ದೇವಕ್ಕ, ಇಳಿ. ಕೀ ಕೊಡು. ಬಳಿ ಬಿಚ್ಚು. ಹಣಿ ಒರಸ್ಕೋ. ಒಳಗ ಹೋಗು. ನಾಕಕ್ಕ ಮತ್ತ ಉಡಸ್ತಾರ.”

“ಕೊಡೂದಿಲ್ಲ.”

“ಏನಂದಿ?”

“ಕೊಡೂದಿಲ್ಲ ಅಂದೆ. ಉಡಿಯೊಳಗ ಬಿದ್ದದ್ದು ಯಾರರ ತಿರುಗಿ ಕೊಡ್ತಾರೇನೋ? ನಿಮ್ಮ ಮನ್ಯಾಗ ನಿಮ್ಮವ್ವ ಕೊಟ್ಟಿದ್ಳೇನು?”

ಗುರಲಿಂಗಪ್ಪ ಆಕಡೆ ಈಕಡೆ ನೋಡಿದ. ಅವನಿಗೆ ಗೊತ್ತಿತ್ತು. ಅಫಜಲಪುರದ ಕೋಳಿಗೂ ಗೊತ್ತಿತ್ತು. ಉಡಿ ತುಂಬಿಸಿಕೊಂಡವಳು ದಾರಿಯಲ್ಲಿ ಉಡಿ ಬಿಚ್ಚುವುದಿಲ್ಲ. ತುಂಬಿದವನು ತಿರುಗಿ ಕೇಳುವುದಿಲ್ಲ. ಕೇಳಿದರೆ ಅವನ ವಂಶದ ಒಲೆಯೇ ಆರುತ್ತದೆ.

“ಅದು ನಾಟಕಬೇ! ನೀ ರಂಡಿಮುಂಡಿ, ನಿನಗ್ಯಾವ ಉಡಿ?”

“ನನಗೂ ಅದೇ ಸಂಶೇ ಇತ್ತು. ನಾ ಬ್ಯಾಡಂದೆ. ಇಪ್ಪತ್ತೆಂಟು ವರ್ಷ ನೀವೂ ಬ್ಯಾಡಂದ್ರಿ. ಇವ್ರು ಟಿವಿಯವ್ರ ಮುಂದ ತುಂಬಿದ್ರು. ಇನ್ನ ಅದನ್ನ ಬರಿದು ಮಾಡಾಕ ನಾ ತಯಾರಿಲ್ಲ.”

ಮನೀಶ್ ಸಾಹೇಬ ಬಂದ. ನಗುತ್ತಲೇ ಬಂದ. “ಆಂಟಿ, ಪ್ಲೀಸ್. ಶೋ ಥಾ. ಆ ಗಾಡಿ ಬರೀ ಡಬ್ಬಾ. ನೀವು ಸೀರೆ ಇಟ್ಕೊಳ್ಳಿ, ಬೇಕಾದರೆ ಕೊಬ್ಬರೀನೂ ಇಟ್ಕೊಳ್ಳಿ.”

“ಅಣ್ಣಾ,” ಎಂದಳು ದೇವಕ್ಕ.

ಸಾಹೇಬ ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆಯುತ್ತಿದ್ದಾಳೆಂದು.

“ನಿನಗೇ ಅನ್ಲಾಕತ್ತೀನಿ. ಉಡಿ ತುಂಬೂದು ತವರುಮನಿಯವ್ರು. ಐದು ಬೊಗಸಿ ಹಾಕಿದಿ, ನಾ ಎಣಿಸೀನಿ. ಇವತ್ತಿಂದ ನೀ ನನ್ನ ಅಣ್ಣ, ನಾ ನಿನ್ನ ತಂಗಿ. ನನಗ ನಿನಗಿಂತ ಹತ್ತು ವರ್ಷ ಜಾಸ್ತಿ ಆದ್ರ ಏನಾತು, ಬಡವರು ಲಗೂ ಮುದುಕರಾಗ್ತಾರ.”

“ನಾನು... ನಾನು ಯಾವಾಗ ನಿಮ್ಮ ಅಣ್ಣ ಆದೆ?”

“ಆಗೂದು ಬ್ಯಾಡಾಗಿದ್ರ ಕೈಯಾಗ ಕೊಡಬೇಕಿತ್ತು. ಉಡಿಯೊಳಗ ಯಾಕ ಹಾಕಿದಿ?”

ಸಾಹೇಬ ನಿಶ್ಮಿತಾಳ ಕಡೆ ನೋಡಿದ. ನಿಶ್ಮಿತಾ ಫೋನಿನ ಕಡೆ ನೋಡಿದಳು. ಫೋನಿನಲ್ಲಿ ಅಲ್ಲಿಂದ ಮುಂದೆ ಬರೆದಿರಲಿಲ್ಲ.

ಗುರಲಿಂಗಪ್ಪನಿಗೆ ತಾಳ್ಮೆ ತಪ್ಪಿತು. ಬಾಗಿಲು ತೆಗೆದು ದೇವಕ್ಕನ ಸೊಂಟದ ಗಂಟಿಗೆ ಕೈ ಹಾಕಿದ. ಬೆಳಿಗ್ಗೆ ಗೇಣು ದೂರ ಬಡಿಗೆ ಹಿಡಿದವನು ಈಗ ಕೈಯನ್ನೇ ಹಾಕಿದ. ಮೈಲಿಗೆ ಎಲ್ಲಿ ಹೋಯಿತೋ.

ದೇವಕ್ಕ ಕಿರುಚಲಿಲ್ಲ. ಅವನ ಮಣಿಕಟ್ಟು ಹಿಡಿದಳು. ಮೂವತ್ತು ವರ್ಷ ಇಟ್ಟಿಗೆ ಹಿಡಿದ ಕೈ ಅದು. ಗುರಲಿಂಗಪ್ಪ ಮೊದಲು ಕೆಂಪಗಾದ, ಆಮೇಲೆ ಬೆಳ್ಳಗಾದ, ಆಮೇಲೆ ಗಾಡಿಯ ಬಣ್ಣಕ್ಕೇ ಬಂದ.

“ಹೆಣ್ಣಿನ ಉಡಿಗಿ ಕೈ ಹಚ್ಚಿದ್ಯೋ ಭಾಡ್ಯಾ!” ಎಂದಳು ದೇವಕ್ಕ.

ಅಷ್ಟು ಕೇಳಿದ್ದೇ, ಕರಿ ಬಟ್ಟೆ ಪರ್ರನೆ ಹರಿಯಿತು. ಒಳಗಿನಿಂದ ಏಳು ಜನ ಹೊರಬಂದರು. ಬಗ್ಗಿ ಬಂದವರು ಒಬ್ಬೊಬ್ಬರಾಗಿ ಸೊಂಟ ಹಿಡಿದು ನೆಟ್ಟಗಾದರು. ಒಬ್ಬೊಬ್ಬರ ಬೆನ್ನೂ ಲಟ್ ಎಂದಿತು. ಮೈತುಂಬ ಬಣ್ಣ, ಗೋದಿ, ಬೆವರು. ಶಿವಕುಮಾರಿಯ ಸೀರೆ ಮೊಣಕಾಲಿನಿಂದ ಕೆಳಗೆ ಒದ್ದೆ. ಅವಳು ಅದನ್ನು ಮುಚ್ಚಿಕೊಳ್ಳಲಿಲ್ಲ. ಸೀದಾ ಸಾಹೇಬನ ಮುಂದೆ ಬಂದು ನಿಂತಳು.

“ನೋಡು. ಲೀಕೇಜ್.”

ಸಾಹೇಬ ನೋಡಲಿಲ್ಲ. ಅವನ ಕಣ್ಣು ಲಾನಿನ ಕಡೆ ಇತ್ತು. “ಪ್ಲೀಸ್, ಮೆತ್ತಗೆ. ಪ್ರೆಸ್‌ನವರು ಇದ್ದಾರೆ. ಆಂಟಿ, ಒಳಗೆ ಹೋಗಿ.”

“ನಾವು ಒಳಗ ಹೋಗೂದಿಲ್ಲ,” ಎಂದಳು ದೇವಕ್ಕ. “ಇನ್ನ ಮ್ಯಾಲೆ ಯಾರ ಗಾಡಿ ಒಳಗೂ ಹೋಗೂದಿಲ್ಲ. ಶಿವಕುಮಾರೀ, ಹಿಂದ ಕೈ ಹಚ್ಚು. ಹೊಡೀರಿ ಗಾಡಿ ಮನಿಗಿ.”

ಖಂಡಪ್ಪ ಯಾರನ್ನೂ ಕೇಳಲಿಲ್ಲ. ಸ್ಟೀರಿಂಗನ್ನು ಗೇಟಿನ ಕಡೆ ತಿರುಗಿಸಿದ.

ಏಳು ಜನ ಹಿಂದಿನ ಬಾಗಿಲಿಗೆ ಅಂಗೈ ಕೊಟ್ಟರು. ಈ ಸಲ ಬಗ್ಗಿರಲಿಲ್ಲ. ದೇವಕ್ಕ ಇಳಿದು ಬಂದು ಎಂಟನೆಯವಳಾದಳು. ಗಾಡಿ ಪರದೆ ಸೀಳಿಕೊಂಡು, ಹಾಲು ದಾಟಿ, ಲಾನಿಗೆ ಇಳಿಯಿತು. ಅತಿಥಿಗಳು ಬಾಯಿಯಲ್ಲಿ ಸಮೋಸ ಇಟ್ಟುಕೊಂಡು ಹಾಗೆಯೇ ನಿಂತರು. ಪೇಪರಿನವನೊಬ್ಬ ಓಡಿಬಂದ.

“ಸರ್, ಗಾಡಿ ಎಲ್ಲಿಗೆ ಹೋಗ್ತಾ ಇದೆ?”

ಕಳ್ಳರು ಎಂದು ಕೂಗಿದರೆ ಪೊಲೀಸರು ಬರುತ್ತಾರೆ. ಪೊಲೀಸರು ಬಂದರೆ ಬಾನೆಟ್ ಎತ್ತುತ್ತಾರೆ. ಬಾನೆಟ್ ಎತ್ತಿದರೆ ಕಂಪನಿಯ ಮಾನ ಕುರ್ಲಾದ ಕೊಳಚೆ ನಾಲೆಗೆ.

“ಡೆಲಿವರಿ,” ಎಂದ ಮನೀಶ್ ಸಾಹೇಬ. “ಫಸ್ಟ್ ಕಸ್ಟಮರ್ ಡೆಲಿವರಿ.”

“ಮತ್ತೆ ಇವರು ಯಾಕೆ ತಳ್ಳುತ್ತಿದ್ದಾರೆ?”

“ಅದು... ಅವರ ಟ್ರಡಿಷನ್. ಅವರ ಕಡೆ ಹೊಸ ಗಾಡೀನ ತಳ್ಳಿಕೊಂಡೇ ಮನೆ ತುಂಬಿಸಿಕೊಳ್ತಾರೆ.”

ಆಹಾ ಎಂದರು ಜನ. ಇನ್ನೂರು ಫೋನುಗಳು ಮೇಲೆದ್ದವು. ಎಷ್ಟು ಸುಂದರವಾದ ಪದ್ಧತಿ ಎಂದು ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಹತ್ತು ಹನ್ನೆರಡು ಜನ ತಾವೂ ಸ್ವಲ್ಪ ದೂರ ಗಾಡಿ ಮುಟ್ಟಿ ಫೋಟೋ ಹೊಡೆಸಿಕೊಂಡರು. ವಾಚ್‌ಮನ್ ಗೇಟು ತೆಗೆದು ಸೆಲ್ಯೂಟ್ ಹೊಡೆದ.

ಗಾಡಿ ರಸ್ತೆಗೆ ಬಂತು. ಹಿಂದೆ ಹಾರನ್ನುಗಳು. ಪಕ್ಕದಲ್ಲಿ ಕೋಟು ಟೈ ಹಾಕಿಕೊಂಡ ಮನೀಶ್ ಸಾಹೇಬ, ನಾಯಿಮರಿಯ ಹಾಗೆ ಓಡುತ್ತ, “ಆಂಟಿ ಪ್ಲೀಸ್, ಆಂಟಿ ಪ್ಲೀಸ್,” ಎನ್ನುತ್ತಿದ್ದ. ಅವನ ಹಿಂದೆ ಕ್ಯಾಮೆರಾ ಹಿಡಿದ ನಾಲ್ಕು ಜನ. ಎಲ್ಲರಿಗೂ ಹಿಂದೆ, ಮಣಿಕಟ್ಟು ಉಜ್ಜಿಕೊಳ್ಳುತ್ತ ಗುರಲಿಂಗಪ್ಪ.

ಫ್ಲೈಓವರಿನ ಕೆಳಗೆ ಟ್ರಾಫಿಕ್ ಹವಾಲ್ದಾರ ಕೈ ಅಡ್ಡ ಹಿಡಿದ. ಲೈಸೆನ್ಸ್ ಎಂದ. ಖಂಡಪ್ಪ ಎರಡೂ ಕೈ ಮೇಲೆತ್ತಿ ಕೂತ. ಹವಾಲ್ದಾರ ಬಾನೆಟ್ ಎತ್ತಿ ಎಂದ. ಎತ್ತಿದರು. ಒಳಗೆ ಇಂಜಿನ್ ಇರಬೇಕಾದ ಜಾಗದಲ್ಲಿ ಖಂಡಪ್ಪನ ಊಟದ ಡಬ್ಬಿ, ಒಂದು ನೀರಿನ ಬಾಟಲಿ, ಗಾಳಿಗೆ ಒಣಹಾಕಿದ ಟವೆಲು.

ಹವಾಲ್ದಾರ ಬಹಳ ಹೊತ್ತು ಒಳಗೆ ಬಗ್ಗಿ ನೋಡಿದ. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವನು ಬ್ರೇಕಿಲ್ಲದ ಗಾಡಿ ನೋಡಿದ್ದ, ನಂಬರಿಲ್ಲದ ಗಾಡಿ ನೋಡಿದ್ದ, ಡ್ರೈವರೇ ಇಲ್ಲದ 407 ಲಾರಿ ಒಂದನ್ನೂ ನೋಡಿದ್ದ. ಜೇಬಿನಿಂದ ಪುಸ್ತಕ ತೆಗೆದ. ಹಾಳೆ ತಿರುವಿದ. ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ.

“ಇಂಜಿನ್ ಇದ್ದರೆ ಮೋಟರು ಗಾಡಿ,” ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟ. “ಇಂಜಿನ್ ಇಲ್ಲದೆ ಮನುಷ್ಯರು ತಳ್ಳಿದರೆ ಅದು ಹಾತ್‌ಗಾಡಿ. ಹಾತ್‌ಗಾಡಿಗೆ ಲೈಸೆನ್ಸ್ ಬೇಡ. ಎಡಕ್ಕೆ ಹೋಗಬೇಕು ಅಷ್ಟೇ.” ಮತ್ತೆ ಅನುಮಾನ ಬಂದು ಕೇಳಿದ: “ಆದರೆ ಹಾತ್‌ಗಾಡಿ ಯಾರದು?”

ಎಲ್ಲರೂ ಮನೀಶ್ ಸಾಹೇಬನನ್ನು ನೋಡಿದರು. ನಾಲ್ಕು ಕ್ಯಾಮೆರಾಗಳೂ ನೋಡಿದವು. ಒಂದು ಕ್ಯಾಮೆರಾ ಮೆಲ್ಲಗೆ ತೆರೆದ ಬಾನೆಟ್ಟಿನ ಕಡೆ ತಿರುಗತೊಡಗಿತ್ತು. ನನ್ನದು ಎಂದರೆ ಇಂಜಿನ್ ಇಲ್ಲದ ಗಾಡಿ ಅವನದಾಗುತ್ತಿತ್ತು. ಸಾಹೇಬ ಓಡಿಹೋಗಿ ತನ್ನ ಕೈಯಿಂದಲೇ ಬಾನೆಟ್ ಮುಚ್ಚಿದ, ಅದರ ಮೇಲೆ ಕೂತ.

“ನನ್ನದಲ್ಲ,” ಎಂದ. “ಇವರದು. ಈ ಅಮ್ಮನದು.”

“ಜೋರಾಗಿ ಹೇಳೋ ಅಣ್ಣಾ, ಗಾಡಿಗಳ ಸಪ್ಪಳದಾಗ ಕೇಳವಲ್ದು,” ಎಂದಳು ದೇವಕ್ಕ.

“ಇವರದು! ಗಾಡಿ ಇವರದು!”

“ಹಂಗಾದರೆ ದಾರಿ ಬಿಡಿ,” ಎಂದ ಹವಾಲ್ದಾರ, ಸೀಟಿ ಊದಿದ.

ಕ್ಯಾಮೆರಾದವರಿಗೆ ಬೇಕಾದ್ದು ಸಿಕ್ಕಿತ್ತು. ಅವರು ಅಲ್ಲಿಂದಲೇ ತಿರುಗಿಕೊಂಡರು. ಗುರಲಿಂಗಪ್ಪ ಯಾವಾಗಲೋ ಮಾಯವಾಗಿದ್ದ. ಸಾಹೇಬನೂ ಹೊರಟ.

“ಎಲ್ಲಿಗಿ?” ಎಂದಳು ದೇವಕ್ಕ. “ಉಡಿ ತುಂಬಿದವ್ರು ತಂಗೀನ ಹೊಸ್ತಿಲ ತನಕ ಮುಟ್ಟಸಬೇಕು. ನಡುದಾರ್ಯಾಗ ಬಿಡ್ತಾರೇನು? ಕೈ ಹಚ್ಚು.”

ಅವನಿಗೆ ಕೀ ಬೇಕಿತ್ತು. ಗಾಡಿ ಬೇಕಿತ್ತು. ಕ್ಯಾಮೆರಾ ಇಲ್ಲದ ಕಡೆ ಮೆಲ್ಲಗೆ ಮಾತಾಡಿ ಇಸಿದುಕೊಂಡರಾಯಿತು ಎಂದುಕೊಂಡನೋ ಏನೋ, ಬಂದ. ವಸ್ತಿ ಗುಡ್ಡದ ಮೇಲಿತ್ತು. ಚಡಾವು ಎಷ್ಟು ಕಡಿದೆಂದರೆ ಮೇಲಿನ ಮನೆಯ ಮಗು ಸೀನಿದರೆ ಕೆಳಗಿನ ಮನೆಯ ದೀಪ ಆರುತ್ತದೆ. ಗಾಡಿ ಹಿಂದಕ್ಕೆ ಜಾರತೊಡಗಿತು. ಸಾಹೇಬ ಮೊದಲು ಒಂದು ಕೈ ಇಟ್ಟ. ಆಮೇಲೆ ಎರಡೂ ಕೈ. ಆಮೇಲೆ ಭುಜ. ಬೂಟು ಜಾರಿತು, ಬಿಚ್ಚಿಟ್ಟ. ಟೈ ಬಾಯಿಗೆ ಬಂತು, ಕಚ್ಚಿಕೊಂಡ.

“ಸ್ಮೂತ್ ಬರಬೇಕು ಸಾಹೇಬ್ರ, ಸ್ಮೂತ್!” ಎಂದು ಶಿವಕುಮಾರಿ ಅವನ ಕಿವಿಯ ಹತ್ತಿರವೇ ತಗಡಿನ ಮೇಲೆ ತಟ್ಟಿದಳು.

ದೇವಕ್ಕನ ಬಾಗಿಲ ಮುಂದೆ ಗಾಡಿ ನಿಂತಿತು. ಚಕ್ರಕ್ಕೆ ಕಲ್ಲು ಕೊಟ್ಟರು. ವಸ್ತಿಯ ಹೆಂಗಸರೆಲ್ಲ ಹೊರಬಂದು, ದೇವಕ್ಕನ ಹಣೆ ನೋಡಿದರು, ಕೈ ನೋಡಿದರು, ಸೊಂಟದ ಗಂಟು ನೋಡಿದರು. ಯಾರೋ ಮುದುಕಿ ಥೂ ಎಂದಳು. ದೇವಕ್ಕ ಅವಳ ಕಡೆ ತಿರುಗಿ ಎರಡೂ ಕೈ ಎತ್ತಿ ಬಳೆ ಸಪ್ಪಳ ಮಾಡಿದಳು. ಅಷ್ಟೇ.

ಹೊಸ್ತಿಲು ದಾಟಿ ಒಳಗೆ ಹೋಗಿ ಗಂಟು ಬಿಚ್ಚಿದಳು. ಅಕ್ಕಿಯನ್ನು ಬೋಗುಣಿಗೆ ಸುರಿದಳು. ಕೀಯನ್ನು ಮೊಳೆಗೆ ತೂಗುಹಾಕಿದಳು. ಅಕ್ಕಿಯಲ್ಲಿ ಎಂಟು ಜನಕ್ಕೂ ಆಗುವಷ್ಟು ಅನ್ನವಿತ್ತು. ತಂಬಿಗೆಯಲ್ಲಿ ನೀರು ತುಂಬಿ ಹೊರಗೆ ತಂದಳು. ಮೊದಲು ಶಿವಕುಮಾರಿಗೆ ಕೊಟ್ಟಳು. ಆಮೇಲೆ ಆರು ಜನಕ್ಕೆ. ಆಮೇಲೆ ಖಂಡಪ್ಪನಿಗೆ. ಎಲ್ಲರೂ ಕುಡಿದ ಮೇಲೆ, ನೆಲದ ಮೇಲೆ ಕಾಲು ಚಾಚಿ ಕೂತಿದ್ದ ಮನೀಶ್ ಸಾಹೇಬನಿಗೆ ಚಾಚಿದಳು. ಅವನು ಗಟಗಟ ಕುಡಿದ. ಅಂಥ ನೀರನ್ನು ಅವನು ಹುಟ್ಟಿದಾರಭ್ಯ ಕುಡಿದಿರಲಿಕ್ಕಿಲ್ಲ.

ಬಾಯಿ ಒರೆಸಿಕೊಂಡು ಮೆಲ್ಲಗೆ ಅಂಗೈ ಮುಂದೆ ಚಾಚಿದ.

“ಆಂಟಿ... ಈಗ ಕ್ಯಾಮೆರಾ ಇಲ್ಲ. ಈಗಲಾದರೂ ಕೀ...”

ದೇವಕ್ಕ ಆ ಅಂಗೈಯನ್ನು ನೋಡಿದಳು. ಒಂದೇ ಚಡಾವಿಗೆ ನಾಲ್ಕು ಬೊಬ್ಬೆ ಬಂದಿದ್ದವು.

“ಹೆಂಗೂ ಮನಿ ನೋಡಿದಿ,” ಎಂದಳು. “ನಾಗರ ಪಂಚಮಿಗಿ ತಂಗೀನ ಕರಿಯಾಕ ಬಾ. ಬರೂಮುಂದ ಬರಿಗೈಲೇ ಬರಬ್ಯಾಡ. ಇಂಜಿನ್ ತಗೊಂಡ್ ಬಾ.”